ತಟ್ಟೆಯಂಚಿನ ಖಾರ

ಉಪ್ಪು... ಉಪ್ಪಿನ ಏನೋ ಒಂದು ಸಾರು. ಹಾಂ, ಉಪ್ಪೆಸರು. ಪುತ್ತೂರಿನಿಂದ ಬಂದ ನಾನು ಬಿಡದಿಯ ಹೊಸ ಕಾರ್ಖಾನೆಯೊಂದರ ಕ್ಯಾಂಟೀನು ಸೇರಿದ ಮೊದಲ ದಿನ ಅದನ್ನೇ ಮಾಡಬೇಕಿತ್ತು. ಊಟದ ಬಗ್ಗೆ ಒಂದು ದೂರು ಬಂದರೂ ನಾಳೆ ಬರಬೇಡಿ ಎಂದು ಕಂಟ್ರಾಕ್ಟರು ಮೊದಲೇ ಹೇಳಿದ್ದ.

ಸೊಪ್ಪು, ಕಾಳು ಬೇಯಿಸಿ ಬಸಿದೆ. ಮೆಣಸಿನಕಾಯಿ, ಬೆಳ್ಳುಳ್ಳಿ ರುಬ್ಬಿದ ಖಾರವನ್ನು ನಮ್ಮೂರಿನ ಅಭ್ಯಾಸದಂತೆ ಅಷ್ಟನ್ನೂ ಬಸಿದ ನೀರಿಗೇ ಕದಡಿಬಿಟ್ಟೆ.

ಸಾಲಿನ ಮೊದಲಿಗಿದ್ದ ಹಿರಿಯ ಕೆಲಸಗಾರ ಮುದ್ದೆ ಹಾಕಿಸಿಕೊಂಡು ತಟ್ಟೆ ಚಾಚಿಯೇ ನಿಂತ. "ಖಾರ ಎಲ್ಲಕ್ಕಾ?"

"ಸಾರಲ್ಲೇ ಉಂಟು."

"ಎಲ್ಲಾರ್ದೂವಾ?" ಹಿಂದಿನವರು ನಕ್ಕರು. ಅವನು ನಗಲಿಲ್ಲ. "ಖಾರನ ತಟ್ಟೆ ಅಂಚಿಗಿಕ್ಬೇಕು ಕಣಕ್ಕಾ. ಎಷ್ಟು ಬೇಕೋ ಉಣ್ಣೋರೇ ಕಲಸ್ಕತ್ತಾರೆ. ನನ್ ಹೊಟ್ಟೆಹುಣ್ಣು ನಿಂಗೇನ್ ಗೊತ್ತು?"

"ಏನದು ಗಲಾಟೆ?" ಕಂಟ್ರಾಕ್ಟರು ಬಾಗಿಲಲ್ಲಿ ನಿಂತಿದ್ದ.

"ಏನಿಲ್ಲ ಸಾರ್, ಒಸಿ ಮಜ್ಜಿಗೆ ಕೇಳ್ತಿದ್ದೆ" ಎಂದ ಆತ, ಅಂದು ಬರೀ ಮಜ್ಜಿಗೆಯಲ್ಲಿ ಮುದ್ದೆ ನುಂಗಿದ.

ಮರುದಿನವೂ ನಾನು ಕೆಲಸಕ್ಕೆ ಹೋದೆ. ಖಾರ ಬೇರೆ ಬಟ್ಟಲಲ್ಲಿತ್ತು.

ಈಗ ಉಪ್ಪೆಸರು ಮಾಡುವ ಕ್ರಮ ಬರೆದುಕೊಳ್ಳುತ್ತಿರುವ ಮೊಮ್ಮಗಳು, ಮೆಣಸಿನಕಾಯಿ ಎಷ್ಟು ಎಂದು ಕೇಳುತ್ತಾಳೆ. ಅಲ್ಲಿ ಲೆಕ್ಕ ಹಾಕಬೇಡ ಮಗಾ, ಉಣ್ಣುವವರನ್ನು ಕೇಳಬೇಕು ಅಂತ ಬರಿ.