ಎಡಗೈಯ ಬೀಡಿ

ಮೊಬೈಲು ಇನ್ನೂ ಎಲ್ಲರ ಕಿಸೆಗೆ ಬಾರದ ಆ ಕಾಲದಲ್ಲಿ, ಮಂಜೇಶ್ವರದ ನಮ್ಮ ಓಣಿಯಲ್ಲಿ ಮಧ್ಯಾಹ್ನದ ಗಂಜಿಯೂಟ ಮುಗಿದರೆ ಎರಡೇ ಸಂಗತಿ: ಹೊಗೆಸೊಪ್ಪಿನ ಘಾಟು, ಮತ್ತು ಕೊಲೆ.

ನಮ್ಮ ಜಗಲಿಯಲ್ಲಿ ಅಮ್ಮ, ನೆರೆಮನೆಯ ಲಲಿತಕ್ಕ, ಇನ್ನೂ ಮೂವರು ಹೆಂಗಸರು ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಬೇಸರವಾಗದಿರಲೆಂದು ಅವರಿಗೆ ಕಥೆ ಓದಿ ಹೇಳುತ್ತಿದ್ದವರು ರಿಟೈರಾದ ಮಾಸ್ತರು ಪೌಲ್ ಮಾಮ. ಓದುತ್ತಿದ್ದದ್ದು ಒಂದೇ ಪತ್ತೇದಾರಿ ಮಾಲೆ. ತಿಂಗಳಿಗೊಂದು ಕಾದಂಬರಿ, ಎಲ್ಲದರಲ್ಲೂ ಅದೇ ಕೋಟಿನ ಪತ್ತೇದಾರ. ನಾನು ಹೇಳುವುದು ಐವತ್ತೆರಡನೆಯದರ ಸಂಗತಿ.

ಪೌಲ್ ಮಾಮ ಪ್ರತಿ ಕಾದಂಬರಿಯನ್ನು ಮನೆಯಲ್ಲಿ ಮೊದಲೇ ಓದಿ ಬರುತ್ತಿದ್ದರು. ಕೊನೆಯ ಅಧ್ಯಾಯಕ್ಕೆ ಮುಂಚೆ ಪುಸ್ತಕ ಮುಚ್ಚಿ, "ಕೊಂದದ್ದು ಯಾರು?" ಎಂದು ಕೇಳುವುದು ಕ್ರಮ. ಸರಿಯಾಗಿ ಹೇಳಿದವರು ಕೊನೆಯ ಅಧ್ಯಾಯವನ್ನು ತಾವೇ ಓದಬಹುದು. ಅಷ್ಟು ಹೊತ್ತು ಅವರ ಪಾಲಿನ ಬೀಡಿಯನ್ನು ಉಳಿದವರು ಕಟ್ಟಬೇಕು. ಅಲ್ಲಿಯ ತನಕ ಒಬ್ಬರೂ ಗೆದ್ದಿರಲಿಲ್ಲ.

ಆ ವರ್ಷ ಅಪ್ಪ ದೋಣಿಯಲ್ಲಿ ಜಾರಿ ಬಿದ್ದು ಹಾಸಿಗೆ ಹಿಡಿದಿದ್ದರು. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಅಮ್ಮನ ಪಕ್ಕ ಕುಳಿತೆ. ನಾನು ಎಡಚ. ಎಲ್ಲರ ಬೀಡಿಯಲ್ಲಿ ಎಲೆ ಒಂದು ಕಡೆಗೆ ಸುತ್ತಿದ್ದರೆ ನನ್ನದರಲ್ಲಿ ಉಲ್ಟಾ. ಕಟ್ಟಿದ ಬೀಡಿ ಒಪ್ಪಿಸುವ ಬೀಡಿ ಬ್ರಾಂಚಿನ ಗುಮಾಸ್ತ ಅಮ್ಮನ ಕಟ್ಟು ಬಿಚ್ಚಿ, ನನ್ನವನ್ನು ಹೆಕ್ಕಿ ಹೆಕ್ಕಿ ಎಸೆಯುತ್ತಿದ್ದ. ಶಾಲೆಗೂ ಬೇಡದವನು, ಬೀಡಿಗೂ ಬೇಡದವನು ಎಂದು ನನಗೆ ಒಳಗೇ ಕುದಿಯುತ್ತಿತ್ತು.

ಆ ಕಾದಂಬರಿಯಲ್ಲಿ ಎಸ್ಟೇಟಿನ ಧಣಿಯ ಕೊಲೆ. ಎರಡನೇ ಅಧ್ಯಾಯದಲ್ಲಿ ಕಿಟಕಿಯ ಕೆಳಗೆ ಅರ್ಧ ಸೇದಿದ ಬೀಡಿ ಸಿಕ್ಕಿತು. ಲೇಬಲ್ ಇಲ್ಲ, ಎಲೆ ಉಲ್ಟಾ ಸುತ್ತಿದೆ. ನನ್ನ ಕೈ ನಿಂತೇ ಹೋಯಿತು. ಐದನೇ ಅಧ್ಯಾಯದಲ್ಲಿ ಎಸ್ಟೇಟಿನ ಮ್ಯಾನೇಜರ್ ಬಲಗೈಯ ವಾಚು ನೋಡಿ ಸಮಯ ಹೇಳಿದ. ನಾನು ಯಾರಿಗೂ ಬಾಯಿ ಬಿಡಲಿಲ್ಲ.

ಮಾಮ ಪ್ರಶ್ನೆ ಕೇಳುವ ದಿನ ಬಂತು. ಲಲಿತಕ್ಕ ಧಣಿಯ ಡಾಕ್ಟರನ್ನು ಹಿಡಿದರು. ಅಮ್ಮ ಧಣಿಯ ತಮ್ಮನನ್ನು.

"ಮ್ಯಾನೇಜರ್," ಎಂದೆ.

ಪೌಲ್ ಮಾಮ ಉತ್ತರ ಬಿಟ್ಟುಕೊಡದೆ ನಕ್ಕರು. "ಶಾಲೆ ಬಿಟ್ಟವನೇ ಈಗ ಪತ್ತೇದಾರನಾ ಮಾರಾಯ? ಆ ಪಾಪದವನು ಸಿಗರೇಟು ಸಹ ಮುಟ್ಟುವುದಿಲ್ಲ."

"ಧಣಿಯ ಎದುರು ಮುಟ್ಟುವುದಿಲ್ಲ ಮಾಮ. ಆ ಬೀಡಿ ಅಂಗಡಿಯದ್ದಲ್ಲ, ಲೇಬಲ್ ಎಲ್ಲಿ ಉಂಟು? ಅವನೇ ಕಟ್ಟಿದ್ದು. ಎಡಗೈಯಲ್ಲಿ ಕಟ್ಟಿದ್ದು. ಎಡಚ ವಾಚು ಬಲಗೈಗೆ ಕಟ್ಟುವುದಲ್ಲವಾ?"

ನನ್ನದೊಂದು ಬೀಡಿ, ಅಮ್ಮನದೊಂದು, ಅಕ್ಕಪಕ್ಕ ಇಟ್ಟೆ. ಪೌಲ್ ಮಾಮ ಎರಡನ್ನೂ ಬೆಳಕಿಗೆ ಹಿಡಿದು ತಿರುಗಿಸಿದರು. ನಗು ನಿಂತಿತು.

"ನಲವತ್ತು ವರ್ಷದಿಂದ ಸೇದುತ್ತಾ ಇದ್ದೇನೆ, ಇದನ್ನು ಕಣ್ಣಾರೆ ನೋಡಿದ್ದು ಇವತ್ತೇ!" ಎಂದು ಪುಸ್ತಕವನ್ನು ನನ್ನ ಕಡೆ ಚಾಚಿದರು. "ತಕೋ, ಓದು."

ಮೊದಲ ಪುಟದಲ್ಲಿ ಎರಡು ಸಲ ತಡವರಿಸಿದೆ. ಆಮೇಲೆ ಓಣಿಗೆಲ್ಲ ಕೇಳುವಂತೆ ಓದಿದೆ. ಮ್ಯಾನೇಜರ್ ಹೆಸರು ಬದಲಿಸಿಕೊಂಡ ಹಳೆಯ ಬೀಡಿ ಕೆಲಸಗಾರ. ಅದನ್ನು ಕಂಡುಹಿಡಿಯಲು ಪತ್ತೇದಾರನಿಗೆ ಹನ್ನೊಂದು ಅಧ್ಯಾಯ ಬೇಕಾಗಿತ್ತು.

"ಆ ಕೋಟಿನವನನ್ನು ನಮ್ಮ ಜಗಲಿಯಲ್ಲಿ ಒಂದು ದಿನ ಕೂರಿಸಬೇಕಿತ್ತು," ಎಂದರು ಲಲಿತಕ್ಕ.

ಅಮ್ಮ ನನ್ನ ತಡ್ಪೆಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಕಟ್ಟತೊಡಗಿದಳು. ಮುಂದಿನ ಕಾದಂಬರಿಯಿಂದ ಪೌಲ್ ಮಾಮ ಒಂದು ಅಧ್ಯಾಯ ಓದಿದರೆ ಮುಂದಿನದು ನನ್ನದು.

ಈಗ ನಾನು ಟೈಲ್ಸ್ ಮೇಸ್ತ್ರಿ. ಅದೇ ಎಡಗೈಯಿಂದ ಇಡುವ ಕಲ್ಲು ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಬೀಡಿ ಬ್ರಾಂಚು ಮುಚ್ಚಿತು, ಮಾಲೆ ನಿಂತಿತು, ಪೌಲ್ ಮಾಮ ತೀರಿಕೊಂಡರು. ಜಗಲಿಗೆ ಗ್ರಿಲ್ ಬಂದಿದೆ; ಅಲ್ಲಿ ಐದು ಜನ ಒಟ್ಟಿಗೆ ಕೂತದ್ದನ್ನು ನೋಡದೆ ವರ್ಷಗಳಾದವು. ಐವತ್ತೆರಡನೆಯ ಪುಸ್ತಕ ಮಾತ್ರ ನನ್ನಲ್ಲಿದೆ. ಆಗಾಗ ತೆಗೆದು ಓದುತ್ತೇನೆ. ಕೊನೆಯ ಅಧ್ಯಾಯಕ್ಕೆ ಮುಂಚೆ ಮುಚ್ಚಿ ಸ್ವಲ್ಪ ಕಾಯುತ್ತೇನೆ. ಯಾರು ಕೊಂದದ್ದೆಂದು ಕೇಳುವವರಿಲ್ಲ.

ಆಮೇಲೆ ಬಿಡಿಸಿ, ಗಟ್ಟಿಯಾಗಿಯೇ ಓದುತ್ತೇನೆ. ಆ ಅಧ್ಯಾಯ ನಾನು ಗೆದ್ದದ್ದು.