ಗುನ್‌ವೋರ್ ಕೆರೆದ ಗೋಡೆ

ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲೇ ಗುನ್‌ವೋರ್‌ಗೆ ಆ ಗೋಡೆಯ ಹುಚ್ಚು ಹಿಡಿಯಿತು. ಬೆಟ್ಟಗಳ ನಡುವೆ ಕಡಲು ಒಳನುಗ್ಗಿದ ಫ್ಯೋರ್ಡ್‌ನ ಬಾಯಿಗೆ ಚಾಚಿದ ಗುಡ್ಡದ ಮೇಲೆ ಯುದ್ಧಕಾಲದಲ್ಲಿ ಜರ್ಮನರು ಫಿರಂಗಿಗಳನ್ನು ಹೂಡಿದ್ದರು. ಅವು ಗುಜರಿಗೆ ಹೋಗಿ ವರ್ಷಗಳಾಗಿದ್ದವು. ಉಳಿದದ್ದು ಕಾಂಕ್ರೀಟಿನ ಗುಂಡಿಗಳು, ಸಮುದ್ರದ ಮೇಲೆ ಕಣ್ಣಿಡಲು ಕಟ್ಟಿದ್ದ ಒಂದು ಕೋಣೆ. ಬಿಸಿಲೇರಿದರೆ ಕುರಿಗಳು ಆ ಕೋಣೆಯೊಳಗೆ ನುಗ್ಗಿ ಮಲಗುತ್ತಿದ್ದವು. ಅವುಗಳನ್ನು ಹೊರಗಟ್ಟಲು ಹೋದವಳಿಗೆ, ಕುರಿಯೊಂದು ಗೋಡೆಗೆ ಮೈ ಉಜ್ಜಿದಲ್ಲಿ ಸುಣ್ಣ ಉದುರಿ ನೀಲಿ ಬಣ್ಣ ಇಣುಕಿದ್ದು ಕಂಡಿತು. ಚಾಕುವಿನಿಂದ ಕೆರೆದಳು. ನೀರು. ಇನ್ನಷ್ಟು ಕೆರೆದರೆ ಎದುರು ದಡದ ಬೆಟ್ಟ, ಅದರ ಮೇಲೊಂದು ಅಂಕಿ. ಗುರಿಯಿಡುವವರಿಗೆ ದೂರ ತಿಳಿಯಲೆಂದು ಯಾರೋ ಸೈನಿಕ ಇಡೀ ಫ್ಯೋರ್ಡನ್ನೇ ಗೋಡೆಗಿಳಿಸಿದ್ದ.

"ಕುರಿ ಉಣ್ಣೆ ಕತ್ತರಿಸು ಅಂದ್ರೆ ಗೋಡೆ ಚರ್ಮ ಸುಲೀತೀಯಲ್ಲೇ!" ಎಂದು ಗಂಡ ಆಸ್‌ಗೇರ್ ಛೇಡಿಸುತ್ತಿದ್ದ.

ಮೂರನೆಯ ಬೇಸಿಗೆಗೆ ಗೋಡೆಯ ಮೇಲೆ ಅವರದೇ ಅಂಗಳ ಮೂಡಿತು. ಅದರಲ್ಲಿ ಎರಡು ಮನೆ! ಈಗಿರುವುದು ಒಂದೇ.

"ಅತ್ತೆ, ನಮ್ಮಂಗಳದಲ್ಲಿ ಇನ್ನೊಂದು ಮನೆ ಇತ್ತಾ?"

ಆಲೂಗಡ್ಡೆ ಸುಲಿಯುತ್ತಿದ್ದ ಅತ್ತೆ ರಾಂಡಿಯ ಕೈ ನಿಂತಿತು. "ಯಾರು ಹೇಳಿದ್ದು?"

"ಆ ಗೋಡೆ."

"ನಾನು ಹುಟ್ಟಿದ ಮನೆ ಕಣೇ ಅದು, ಈ ಜಾಗವೆಲ್ಲ ನಮ್ಮಪ್ಪಂದು. ಫಿರಂಗಿಗೆ ಅಡ್ಡ ಬರುತ್ತೆ ಅಂತ ಕೆಡವಿಬಿಟ್ರು. ಒಂದು ಫೋಟೋನೂ ಉಳೀಲಿಲ್ಲ."

ಯುದ್ಧ ಮುಗಿದ ಮೇಲೆ ಆ ಗುಡ್ಡ ತುಳಿಯದಿದ್ದ ರಾಂಡಿ ಮರುದಿನ ಕೋಲೂರಿಕೊಂಡು ಹತ್ತಿದಳು. ಅತ್ತುಬಿಡುತ್ತಾಳೇನೋ ಎಂದು ಸೊಸೆಗೆ ಅಳುಕು. ರಾಂಡಿ ಗೋಡೆಗೆ ಮೂಗು ತಾಗಿಸಿ ನೋಡಿದಳು.

"ಥೂ, ದಡ್ಡ! ಬಾಗಿಲಿಗೆ ಹಸಿರು ಬಳಿದಿದ್ದಾನೆ. ನಮ್ಮಪ್ಪ ಬಳಿದಿದ್ದು ಹಳದಿ."

"ದೂರದಿಂದ ನೋಡಿ ಬರೆದಿದ್ದಲ್ವಾ, ಅತ್ತೆ?"

"ಕಿಟಕಿ ಮಾತ್ರ ಸರಿಯಾಗಿ ಎಣಿಸೋಕೆ ಬಂತಾ? ಹೋಗು, ದೋಣಿಗೆ ಬಳಿದುಳಿದ ಹಳದಿ ತಗೊಂಬಾ."

ರಾಂಡಿ ಉಸಿರು ಬಿಗಿಹಿಡಿದು ಬಾಗಿಲನ್ನು ತಾನೇ ತಿದ್ದಿದಳು. ಆಮೇಲೆ ಪಕ್ಕದ ಸುಣ್ಣಕ್ಕೆ ಬೆರಳಿಟ್ಟು, "ಇಲ್ಲಿ ಕೆರಿ. ನಮ್ಮ ಕೊಟ್ಟಿಗೆ ಇಲ್ಲೇ ಇರಬೇಕು" ಎಂದಳು.

ಅಂದಿನಿಂದ ಅತ್ತೆ ಸೊಸೆ ಇಬ್ಬರೂ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಹೋಗತೊಡಗಿದರು. ಕೊಟ್ಟಿಗೆ ಸಿಕ್ಕಿತು. ಅದರ ಮುಂದೆ ಬಕೆಟ್ ಹಿಡಿದ, ಉಗುರಿನಷ್ಟೇ ದೊಡ್ಡ ಹೆಂಗಸೊಬ್ಬಳೂ ಸಿಕ್ಕಳು. ಅವಳ ಪಕ್ಕ ಯಾವ ಅಂಕಿಯೂ ಇರಲಿಲ್ಲ.

"ಅಮ್ಮನೋ, ನಾನೋ?" ಎಂದು ರಾಂಡಿ ಸಾಯುವವರೆಗೂ ಕೇಳುತ್ತಲೇ ಇದ್ದಳು. ಒಮ್ಮೆ ನಡಿಗೆ ಅಮ್ಮನದು ಎನ್ನುವಳು, ಮತ್ತೊಮ್ಮೆ ಸ್ಕರ್ಟು ತನ್ನದು ಎನ್ನುವಳು.

ಗುನ್‌ವೋರ್‌ಗೂ ಈಗ ವಯಸ್ಸಾಗಿದೆ. ಅವಳನ್ನು ಕಾಡುವುದು ಬೇರೆಯೇ ಪ್ರಶ್ನೆ. ಹಡಗುಗಳಿಗೆ ಗುರಿಯಿಡಲು ಗೋಡೆ ಬರೆದವನಿಗೆ, ಹಾಲು ಕರೆದು ಬರುವವಳು ಯಾಕೆ ಬೇಕಾಗಿದ್ದಳು?