ವಾದ್ಯದವರು ಕಾಲಿಡದ ಛತ್ರ

ಮಗಳ ಮದುವೆಗೆಂದು ಗೊತ್ತು ಮಾಡಿದ್ದ ಛತ್ರದ ಬಾಡಿಗೆ ಎಪ್ಪತ್ತು ಸಾವಿರ ಪೂರ್ತಿ ಹೋಯಿತು. ಅದರ ಮೇಲೆ ಬಯಲಲ್ಲಿ ಶಾಮಿಯಾನ, ನೀರಿನ ಟ್ಯಾಂಕರ್, ಜನರೇಟರ್ ಎಂದು ಹೆಚ್ಚೂಕಡಿಮೆ ಅಷ್ಟೇ ಇನ್ನೊಮ್ಮೆ. ಚೌಕಾಸಿಯಲ್ಲೇ ಬದುಕು ಕಟ್ಟಿಕೊಂಡ ನನಗೂ ಒಂದು ರೂಪಾಯಿ ವಾಪಸ್ ತರಲಾಗಲಿಲ್ಲ. ಕಾರಣ ಇಷ್ಟೇ: ಆ ಛತ್ರಕ್ಕೆ ಕಾಲಿಡುವುದಿಲ್ಲ ಎಂದು ನಮ್ಮ ಕಡೆಯ ವಾದ್ಯದವರೆಲ್ಲ ಪಟ್ಟು ಹಿಡಿದಿದ್ದರು. ಆ ವಾದ್ಯದವರನ್ನು ಮದುವೆಗಳಿಗೆ ಗೊತ್ತು ಮಾಡಿಕೊಡುವವನು ನಾನೇ.

ಚಿಕ್ಕಂದಿನಲ್ಲಿ ಹುಣಸೂರಿನ ಮೆರವಣಿಗೆಗಳಲ್ಲಿ ಪೆಟ್ರೋಮ್ಯಾಕ್ಸ್ ಹೊತ್ತವನು ನಾನು. ಹೊರುತ್ತಲೇ ಯಾರ ಉಸಿರು ಗಟ್ಟಿ, ಯಾರು ಕುಡಿದು ಬರುತ್ತಾರೆ, ಯಾವ ಮನೆಯವರು ದುಡ್ಡಿಗೆ ಸತಾಯಿಸುತ್ತಾರೆ ಎಂದು ಕಲಿತೆ. ಈಗ ಪಿರಿಯಾಪಟ್ಟಣದ ವಾಲಗ, ಎಚ್.ಡಿ. ಕೋಟೆ ಕಡೆಯ ತಮಟೆ, ಹುಣಸೂರಿನ ಸಾಹೇಬರ ಬ್ಯಾಂಡ್‌ಸೆಟ್ಟು ಯಾವುದು ಬೇಕೆಂದರೂ ಜನ ಮೊದಲು ನನಗೆ ಫೋನ್ ಮಾಡುತ್ತಾರೆ.

ಛತ್ರ ಇರುವುದು ಕೆ.ಆರ್. ನಗರದಲ್ಲಿ. ಅದರ ಕಮಿಟಿಯವರು ಹೊಸದಾಗಿ ಒಂದು ನಿಯಮ ಮಾಡಿ ಗೇಟಿನ ಬಳಿ ಬೋರ್ಡು ಹಾಕಿದರು. ತಮಟೆ ಮುಂತಾದ ಚರ್ಮವಾದ್ಯದವರು ಗೇಟಿನ ಹೊರಗೇ ನಿಲ್ಲತಕ್ಕದ್ದು, ಅವರ ಊಟ ಹಿಂಬದಿಯ ಶೆಡ್ಡಿನಲ್ಲಿ. ಜಾತಿಯ ಹೆಸರು ಎಲ್ಲೂ ಇಲ್ಲ. ನನಗೆ ಪರಿಚಯದ ವಕೀಲರೊಬ್ಬರು ಓದಿ, ‘ಬರೆದವರು ಜಾಣರು’ ಎಂದಷ್ಟೇ ಹೇಳಿದರು. ನಮ್ಮ ಕಡೆ ತಮಟೆ ಬಡಿಯುವವರು ಯಾವ ಕೇರಿಯವರೆಂದು ಗೊತ್ತಿಲ್ಲದವರು ಯಾರು?

ಒಂದು ಮದುವೆಯ ದಿನ ಜಡಿಮಳೆ ಬಂತು. ತಮಟೆಯ ಚರ್ಮ ನೆನೆದರೆ ನಾದ ಸತ್ತುಹೋಗುತ್ತದೆ. ಅದಕ್ಕೇ ತಮಟೆ ತಂಡದ ಮುಂದಾಳು ತನ್ನವರನ್ನು ಕರೆದುಕೊಂಡು ಒಳಗಿನ ಪೋರ್ಟಿಕೋಗೆ ಬಂದು ನಿಂತ. ಮ್ಯಾನೇಜರು ಬೋರ್ಡು ತೋರಿಸಿ ಅವರನ್ನು ಮಳೆಗೆ ಅಟ್ಟಿದ. ಮಂಟಪದ ಪಕ್ಕದಲ್ಲಿ ಕೂತಿದ್ದ ವಾಲಗದ ಯಜಮಾನರು ಅದನ್ನು ನೋಡಿದರು. ತಾಳಿ ಕಟ್ಟುವಾಗಿನ ಗಟ್ಟಿಮೇಳ ಮುಗಿಸಿದವರೇ ನಾಗಸ್ವರವನ್ನು ಚೀಲಕ್ಕೆ ಹಾಕಿ, ಗೇಟಿನಾಚೆ ಹೋಗಿ ನೆನೆಯುತ್ತಾ ನಿಂತರು. ಮ್ಯಾನೇಜರು ಓಡಿ ಬಂದು ಕರೆದರೆ, “ನನ್ ಪಕ್ಕದ ಡೋಲಿಗೆ ಕಟ್ಟಿರೋದೇನು ರೇಸ್ಮೆನಾ? ಅದೂ ಚರ್ಮವೇ ಕಣಯ್ಯ. ನಂದೂ ಈಚೇಲೇ ಇರ್ಲಿ ಬುಡು” ಅಂದರಂತೆ.

ಅವತ್ತಿನಿಂದ ಶುರುವಾದದ್ದು. ಸುತ್ತಲ ನಾಲ್ಕೂ ತಾಲ್ಲೂಕಿನ ವಾದ್ಯದವರು ಆ ನಿಯಮ ಹೋಗುವ ತನಕ ಆ ಛತ್ರಕ್ಕೆ ಬರುವುದಿಲ್ಲ ಎಂದರು. ಒಂದು ಮದುವೆ ಸೀಸನ್ ಕಳೆದರೆ ಹಸಿವು ಇವರನ್ನು ತಣ್ಣಗೆ ಮಾಡುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ. ಅಷ್ಟರಲ್ಲಿ ನನ್ನ ಮಗಳಿಗೆ ಕೆ.ಆರ್. ನಗರದ ಕಡೆಯ ಸಂಬಂಧ ಕೂಡಿಬಂತು. ಒಳ್ಳೆಯ ಹುಡುಗ, ಗದ್ದೆ ಇರುವ ಮನೆ. ಬೀಗರು ಹೇಳಿದ್ದು ಒಂದೇ ಮಾತು: ಮದುವೆ ಅದೇ ಛತ್ರದಲ್ಲಿ, ಅದರ ಕಮಿಟಿಯಲ್ಲಿ ನಮ್ಮ ದಾಯಾದಿ ಇದ್ದಾನೆ. ನಾನು ತಲೆಯಾಡಿಸಿ ಬಾಡಿಗೆ ಕಟ್ಟಿ ಬಂದೆ. ವಾದ್ಯದವರನ್ನು ಒಪ್ಪಿಸುವುದು ನನಗೇನು ಕಷ್ಟ ಎಂಬ ಧೈರ್ಯ.

ಪಿರಿಯಾಪಟ್ಟಣಕ್ಕೆ ಹೋದೆ. ವಾಲಗದ ಯಜಮಾನರ ಜಗಲಿಯ ಮೇಲೆ ತಮಟೆಯ ಮುಂದಾಳೂ ಇದ್ದ.

“ಯಜಮಾನ್ರೇ, ಒಂದಿನ ಬನ್ನಿ. ನಿಮ್ ಕಣ್ಮುಂದೆ ಬೆಳ್ದ ಮಗಳು” ಎಂದೆ.

“ಅದುಕ್ಕೇ ಕಣಪ್ಪ ಕೂರುಸ್ಕಂಡು ಮಾತಾಡ್ತಿರೋದು. ಬ್ಯಾರೆಯೋರ ಮಗಳಾಗಿದ್ರೆ ಬಾಗ್ಲಲ್ಲೇ ಕಳುಸ್ತಿದ್ದೆ.”

ರೇಟು ಎರಡರಷ್ಟು ಮಾಡಿದೆ. ಅವರು ಎಲೆಗೆ ಸುಣ್ಣ ಸವರುತ್ತಾ ಕೂತರು. ಕೊನೆಗೆ ನನ್ನ ದೊಡ್ಡ ಅಸ್ತ್ರ ತೆಗೆದೆ. “ಆಯ್ತು, ಎಲ್ಲಾರ್ಗೂ ಪಾರ್ಸಲ್ ಕೊಡುಸ್ತೀನಿ. ವಾಲಗದೋರಿಗೂ ಪಾರ್ಸಲ್, ತಮಟೆಯೋರಿಗೂ ಪಾರ್ಸಲ್. ಯಾರೂ ಒಳಗೆ ಉಣ್ಣೋದೇ ಬ್ಯಾಡ. ಎಲ್ಲಾ ಒಂದೇ ಆಯ್ತಲ್ಲ?”

ತಮಟೆಯ ಮುಂದಾಳು ನಕ್ಕುಬಿಟ್ಟ. “ಅಣ್ಣಾ, ನಮ್ಮುನ್ನ ಒಳಕ್ಕೆ ಬುಡ್ಸು ಅಂದ್ರೆ ಯಜಮಾನ್ರನ್ನೂ ಈಚೆಗಾಕುಸ್ತೀಯಲ್ಲ. ಬಾರಿ ಯಾಪಾರ ಕಣ ನಿಂದು.”

ಯಜಮಾನರು ನಗಲಿಲ್ಲ. “ರೇಟು ನೀನೇ ಮಾತಾಡು, ಯಾವತ್ತಾದ್ರೂ ಬ್ಯಾಡ ಅಂದಿದ್ದೀನಾ? ಉಣ್ಣೋ ಎಲೆ ಎಲ್ಲಿ ಆಕ್ಬೇಕು ಅನ್ನೋದು ನಿನ್ ಕೈಗೆ ಕೊಟ್ಟಿಲ್ಲ.”

ಮೈಸೂರಿನ ವಾಲಗದವರಿಗೆ ಫೋನ್ ಮಾಡಿದೆ. ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಯಾರೂ ಫೋನ್ ಎತ್ತಲಿಲ್ಲ. ಆ ಛತ್ರದಲ್ಲಿ ಈಗ ಪೆನ್‌ಡ್ರೈವಿನಲ್ಲೇ ಗಟ್ಟಿಮೇಳ ಹಾಕುತ್ತಾರಂತೆ ಎಂದು ಮನೆಯಲ್ಲಿ ಸುಮ್ಮನೆ ಮಾತು ತೆಗೆದೆ. ಹೆಂಡತಿ ಮುದ್ದೆಗೆ ಹಿಟ್ಟು ತೊಳಸುತ್ತಿದ್ದವಳು ಕೋಲನ್ನು ನಿಲ್ಲಿಸಿ, “ಊರೋರ್ಗೆಲ್ಲಾ ವಾಲಗ ಕಳ್ಸಿ, ಮಗಳ್ಗೆ ಡಬ್ಬದ್ ವಾಲಗದಲ್ಲಿ ತಾಳಿ ಕಟ್ಟುಸ್ತೀಯಾ?” ಎಂದಳು. ಅಲ್ಲಿಗೆ ಆ ದಾರಿಯೂ ಮುಚ್ಚಿತು.

ಲಗ್ನಪತ್ರಿಕೆ ಅಚ್ಚಿಗೆ ಕೊಡುವ ದಿನ ಹತ್ತಿರ ಬಂತು. ಛತ್ರ ಬೇಡವೆಂದರೆ ಬೀಗರು ಸಂಬಂಧ ಮುರಿದರೆ? ಛತ್ರವೇ ಇರಲಿ ಎಂದರೆ ವಾದ್ಯದವರು ನನ್ನ ಮುಖ ನೋಡುವುದಿಲ್ಲ. ಕೊನೆಗೆ ಬೀಗರ ಮನೆಗೆ ಹೋಗಿ, ಛತ್ರದ ಮುಂದೆ ಕಾರು ನಿಲ್ಲಿಸಲು ಜಾಗವಿಲ್ಲ, ಬಾತ್‌ರೂಮಿನಲ್ಲಿ ನೀರು ಬರುವುದಿಲ್ಲ, ನಿಮ್ಮದೇ ಭತ್ತ ಕೊಯ್ದ ಗದ್ದೆಯಲ್ಲಿ ಶಾಮಿಯಾನ ಹಾಕಿದರೆ ಊರೇ ನೋಡುತ್ತದೆ, ಖರ್ಚೆಲ್ಲ ನನ್ನದು ಎಂದೆ. ಊರೇ ನೋಡುತ್ತದೆ ಅಂದದ್ದು ಅವರಿಗೆ ನಾಟಿತು. ನಿಯಮದ ಮಾತು, ವಾದ್ಯದವರ ಮಾತು ನಾನು ಎತ್ತಲೇ ಇಲ್ಲ. ಮಾಲಿನ ಕೊರತೆ ಹೇಳಿ ಮಾರುವ ವ್ಯಾಪಾರಿ ಎಲ್ಲಿದ್ದಾನೆ ಹೇಳಿ.

ಜಾಗ ಬದಲಾಯಿತೆಂದ ಮೇಲೆ ವಾದ್ಯದವರು ಬರಲು ಒಪ್ಪಿದ್ದರು. ಮುಹೂರ್ತದ ಬೆಳಿಗ್ಗೆ ಅವರ ಟೆಂಪೋ ಬಂದು ಗದ್ದೆಯ ಬದುವಿನ ಹತ್ತಿರ ನಿಂತಿತು. ಯಾರೂ ಇಳಿಯಲಿಲ್ಲ. ಓಡಿಹೋದೆ.

“ಜಾಗ ಯಾಕೆ ಬದ್ಲಾಯ್ತು ಅಂತ ಬೀಗ್ರಿಗೆ ಯೋಳಿದ್ದೀಯಾ?” ಯಜಮಾನರು ಒಳಗಿಂದಲೇ ಕೇಳಿದರು.

“ಆಮೇಲೆ ಯೋಳ್ತೀನಿ. ಮೊದ್ಲು ಇಳೀರಿ.”

“ಆಮೇಲೆ ಅಂದ್ರೆ ನಾವು ಉಣ್ಣಾಕೆ ಕೂತಾಗ್ಲಾ? ಎಬ್ಬುಸ್ತಾರಲ್ಲ, ಆಗ್ಲಾ?”

ಮಗಳನ್ನು ಸಿಂಗರಿಸುತ್ತಿದ್ದ ಡೇರೆಗೆ ಹೋಗಿ, ತಲೆನೋವಿನ ಮಾತ್ರೆ ಇದೆಯೇ ಎಂದು ಕೇಳಿದೆ. ಅವಳು ನನ್ನ ಮುಖ ನೋಡಿ ಉಳಿದವರನ್ನು ಹೊರಗೆ ಕಳಿಸಿ ವಿಷಯ ಬಿಡಿಸಿಕೊಂಡಳು.

“ಅಪ್ಪ, ಆ ಮನೇಲಿ ಇರಬೇಕಾದೋಳು ನಾನು. ಈಗ ನೀನು ಹೇಳ್ದಿದ್ರೆ ನಾಳೆ ನನ್ನ ಕೇಳ್ತಾರೆ. ಮುರಿಯೋದಾದ್ರೆ ಈಗ್ಲೇ ಮುರೀಲಿ, ಹೋಗು.”

ಬೀಗರು ಪೇಟ ಸುತ್ತಿಸಿಕೊಳ್ಳುತ್ತಿದ್ದರು. ಹೇಳಿದೆ. ಪೇಟ ಅರ್ಧಕ್ಕೆ ನಿಂತಿತು.

“ಅಂಗಾರೆ ಪಾರ್ಕಿಂಗ್ ಅಂದಿದ್ದು ಸುಳ್ಳು?”

“ಪಾರ್ಕಿಂಗೂ ಇಲ್ಲ ಬೀಗ್ರೇ. ಅದೂ ನಿಜವೇ.”

“ಬಾರಿ ಬುದ್ವಂತ್ರು ಕಣ್ರೀ ನೀವು. ನನ್ ಮಗನ್ ಮದ್ವೆನೇ ಮುಷ್ಕರಕ್ಕೆ ಕೂರುಸ್ಬುಟ್ರಿ.” ಅವರ ತಮ್ಮ ಏನೋ ಹೇಳಲು ಬಾಯಿ ತೆರೆದ. ಬೀಗರು ಕೈ ತೋರಿಸಿ ಸುಮ್ಮನಿರಿಸಿದರು. ಶಾಮಿಯಾನದ ಕಡೆ ನೋಡಿದರು. ಜನ ತುಂಬಿದ್ದರು. ಅವರು ಬೇಡವೆಂದರೆ ಮಗಳನ್ನು ಕಾರಿಗೆ ಹತ್ತಿಸಿಕೊಂಡು ಹಿಂದಕ್ಕೆ ಹೊರಡಬೇಕು. ಆ ಕಾರು ಎಲ್ಲಿ ನಿಂತಿದೆ ಎಂದು ಆಗಲೇ ನನ್ನ ಕಣ್ಣು ಹುಡುಕುತ್ತಿತ್ತು.

“ಊದ್ಲಿ. ಆದ್ರೆ ನಾನು ಅವರ ಜೊತೆ ಪಂಕ್ತೀಲಿ ಕೂರಾಕಿಲ್ಲ. ಇದು ನಿಮ್ಗೆ ಗೊತ್ತಿರ್ಲಿ.”

ಟೆಂಪೋ ಬಳಿಗೆ ಬಂದು ಎರಡನ್ನೂ ಹೇಳಿದೆ, ಕೂರುವುದಿಲ್ಲ ಅಂದದ್ದನ್ನೂ ಬಿಡದೆ. ಯಜಮಾನರು ನಾಗಸ್ವರದ ಪೀಪಿ ಬಾಯಿಗಿಟ್ಟು ನೆನೆಸುತ್ತಾ, “ಅದು ಅವನ ಒಟ್ಟೆ ಕಣಪ್ಪ. ನಮ್ ಎಲೆ ಎಲ್ಲಿ?” ಎಂದರು.

“ಮೊದ್ಲನೇ ಪಂಕ್ತೀಲಿ.”

ಇಳಿದರು. ತಾಳಿ ಕಟ್ಟುವಾಗ ಡೋಲು, ನಾಗಸ್ವರ, ತಮಟೆ ಎಲ್ಲ ಒಟ್ಟಿಗೆ ಎದ್ದ ಗಟ್ಟಿಮೇಳಕ್ಕೆ ನಾನು ಅಕ್ಷತೆ ಹಾಕಿದೆನೋ ಇಲ್ಲವೋ ನೆನಪಿಲ್ಲ. ಬೀಗರ ಮುಖವನ್ನೇ ನೋಡುತ್ತಿದ್ದೆ. ಮೊದಲ ಪಂಕ್ತಿಯಲ್ಲಿ ವಾದ್ಯದವರ ಜೊತೆ ನಾನೂ ಕೂತೆ. ಎದುರಿನ ಸಾಲಿನಲ್ಲಿ ಕೆಲವು ಎಲೆಗಳು ಖಾಲಿ ಉಳಿದವು. ಅಲ್ಲಿ ಕೂರಬೇಕಾದವರು ಟ್ಯಾಂಕರಿನ ನಲ್ಲಿಯ ಹತ್ತಿರ ತುಂಬ ಹೊತ್ತು ಕೈ ತೊಳೆಯುತ್ತಿದ್ದರು.

ಬೀಗರು ಇನ್ನೂ ನಮ್ಮ ಮನೆಯಲ್ಲಿ ಕಾಫಿ ಕುಡಿದಿಲ್ಲ. ಮಗಳು ಫೋನಿನಲ್ಲಿ ಚೆನ್ನಾಗಿದ್ದೇನೆ ಅನ್ನುತ್ತಾಳೆ. ಅನ್ನುವ ಮುಂಚೆ ಅವಳು ತಡವರಿಸಿದಳೇ ಎಂದು ನಾನು ಕಿವಿಗೊಡುತ್ತೇನೆ. ಛತ್ರದವರು ಬೋರ್ಡು ಬದಲಾಯಿಸಿ, ಎಲ್ಲ ವಾದ್ಯದವರ ಊಟವೂ ಶೆಡ್ಡಿನಲ್ಲೇ ಎಂದು ಬರೆಸಿದ್ದಾರೆ. ನಾನು ಹೇಳಿದ ಪಾರ್ಸಲ್ ಲೆಕ್ಕವೇ ಅದು. ವಾದ್ಯದವರು ಈಗಲೂ ಹೋಗುತ್ತಿಲ್ಲ; ಅಲ್ಲಿಗೆ ಬೇಡಿಕೆ ಬಂದರೆ ನಾನೂ ಫೋನ್ ಇಡುತ್ತೇನೆ.

ನೀವು ಮದುವೆಗೆ ಛತ್ರ ನೋಡಲು ಹೋದರೆ ಬಾಡಿಗೆ ಕೇಳುವ ಮುಂಚೆ ಹಿಂದಕ್ಕೆ ಒಂದು ಸುತ್ತು ಹಾಕಿ. ಶೆಡ್ಡು ಕಂಡರೆ ಅದು ಯಾರಿಗೆ ಎಂದು ಕೇಳಿ. ವಾದ್ಯದವರು ಎಲ್ಲಿ ಉಣ್ಣುತ್ತಾರೆ ಎಂಬುದನ್ನು ಮುಂಗಡದ ರಸೀದಿಯ ಹಿಂದೆ ಮ್ಯಾನೇಜರ ಕೈಯಲ್ಲೇ ಬರೆಸಿ. ಬರೆಯಲು ಅನುಮಾನಿಸಿದರೆ ದುಡ್ಡನ್ನು ಜೇಬಿನಿಂದ ತೆಗೆಯಲೇಬೇಡಿ. ಇನ್ನು ಜಾಗ ಬದಲಾಯಿಸುವ ಸಂದರ್ಭ ಬಂದರೆ ಪಾರ್ಕಿಂಗು, ನೀರು ಎಂದು ಕತೆ ಕಟ್ಟಬೇಡಿ. ನಿಜವಾದ ಕಾರಣವನ್ನು ತಾಂಬೂಲ ಬದಲಾಯಿಸುವ ಮುಂಚೆಯೇ ಬೀಗರಿಗೆ ಹೇಳಿ. ಅವತ್ತು ಎದ್ದು ಹೋದರೆ ಹೋಗಲಿ, ಮಗಳು ಇನ್ನೂ ನಿಮ್ಮ ಮನೆಯಲ್ಲೇ ಇರುತ್ತಾಳೆ.